‘ನೋಡಲಾಗಿದೆ’ ಎಂದು ಸಹಿ ಹಾಕುವ ಮೊದಲು: ಸ್ಥಳೀಯ ಸಂಸ್ಥೆಗಳ ಸದಸ್ಯರಿಗೆ ಒಬ್ಬ ವಕೀಲನ ಬಹಿರಂಗ ಪತ್ರ

ಇವರಿಗೆ,
ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ನಗರಸಭೆ, ಪುರಸಭೆ, ಪಟ್ಟಣ ಪಂಚಾಯತ್ ಹಾಗೂ ಗ್ರಾಮ ಪಂಚಾಯತ್‌ಗಳ ಮಾನ್ಯ ಸದಸ್ಯರು ಮತ್ತು ಅಧಿಕಾರಿಗಳು

ಮಾನ್ಯರೇ,

ನಾನು ಉಡುಪಿಯ ಒಬ್ಬ ವಕೀಲ. ಕರಿ ಕೋಟು ಹಾಕಿದ್ದು 1993ರಲ್ಲಿ. ಆಗ ಉಡುಪಿ ಇನ್ನೂ ದಕ್ಷಿಣ ಕನ್ನಡದ ಒಂದು ತಾಲೂಕು, ಜಿಲ್ಲೆ ಆದದ್ದು 1997ರಲ್ಲಿ. ಅಂದಿನಿಂದ ಇಂದಿನವರೆಗೆ ಕರಾವಳಿಯ ಹಲವು ಸ್ಥಳೀಯ ಸಂಸ್ಥೆಗಳ ಪರವಾಗಿ ವಕಾಲತ್ತು ಹಾಕಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ನನ್ನ ಮುಖ ಗೊತ್ತು. ಸಾಮಾನ್ಯ ಸಭೆಯಲ್ಲಿ ಮೂಲೆಯ ಕುರ್ಚಿಯಲ್ಲಿ ಕೂತು, ಚಹಾ ಬಂದಾಗ ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತಿದ್ದ ಆಸಾಮಿ ನಾನೇ.

ಈಗ ಪ್ಯಾನೆಲ್‌ನಿಂದ, ಅಂದರೆ ಈ ಸಂಸ್ಥೆಗಳ ವಕೀಲರ ಪಟ್ಟಿಯಿಂದ, ಹೊರಗೆ ಬಂದಿದ್ದೇನೆ. ಯಾರೂ ತೆಗೆದದ್ದಲ್ಲ, ನಾನೇ ಸಾಕು ಅಂದದ್ದು. ಒಳಗಿದ್ದಾಗ ಬಾಯಲ್ಲಿ ಹೇಳಿದ ಮಾತು ಸಭೆಯ ನಡಾವಳಿಯಲ್ಲಿ ಬರಲಿಲ್ಲ. ಬರೆದು ಕೊಟ್ಟದ್ದು ಕಡತದ ತಳ ಸೇರಿತು. ಹಾಗಾಗಿ ಬಹಿರಂಗವಾಗಿ ಬರೆಯುತ್ತಿದ್ದೇನೆ. ಊರು, ಸಂಸ್ಥೆ, ವ್ಯಕ್ತಿಗಳ ಹೆಸರು ಹೇಳುವುದಿಲ್ಲ. ಕಕ್ಷಿದಾರನ ಗುಟ್ಟು ಕಾಯುವುದು ವಕೀಲನ ಧರ್ಮ, ಪ್ಯಾನೆಲ್ ಬಿಟ್ಟ ಕೂಡಲೇ ಅದು ಮುಗಿಯುವುದಿಲ್ಲ. ಗುರುತು ಸಿಗದ ಹಾಗೆ ಒಂದೆರಡು ವಿವರ ಅತ್ತಿತ್ತ ಮಾಡಿದ್ದೇನೆ. ನೀವೂ ಇದು ಯಾರ ಕತೆ ಎಂದು ಹುಡುಕಲು ಹೋಗಬೇಡಿ. ನಿಮ್ಮ ಕಚೇರಿಯ ಕಪಾಟು ತೆರೆದರೆ ಅಲ್ಲೂ ಇಂಥದ್ದೊಂದು ಸಿಕ್ಕೀತು.

ನಾನು ವೃತ್ತಿಗೆ ಬಂದ ವರ್ಷ ಸ್ಥಳೀಯ ಆಡಳಿತಕ್ಕೆ ಹಬ್ಬದ ವರ್ಷ. ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಜಾರಿಗೆ ಬಂದವು. ಕರ್ನಾಟಕದ ಹೊಸ ಪಂಚಾಯತ್ ರಾಜ್ ಕಾಯ್ದೆ ಆ ಮೇ ತಿಂಗಳಲ್ಲೇ ಬಂತು. 74ನೇ ತಿದ್ದುಪಡಿಯ ಜೊತೆಗೆ 12ನೇ ಅನುಸೂಚಿ ಸೇರಿತು. ಅದರಲ್ಲಿ 18 ವಿಷಯಗಳಿವೆ. ಮೊದಲನೆಯದೇ ನಗರ ಯೋಜನೆ. ಎರಡನೆಯದು ಭೂಬಳಕೆ ಮತ್ತು ಕಟ್ಟಡಗಳ ನಿಯಂತ್ರಣ. ಎಂಟನೆಯದು ಪರಿಸರ ರಕ್ಷಣೆ. ನಮ್ಮ ಸೀನಿಯರ್ ಅದನ್ನು ಓದಿ, "ಇನ್ನು ಸ್ಥಳೀಯ ಸಂಸ್ಥೆಯ ವಕೀಲನಿಗೆ ಕೆಲಸ ಜಾಸ್ತಿ ಮಾರಾಯ" ಅಂದಿದ್ದರು. ಕೆಲಸ ಜಾಸ್ತಿಯೇನೋ ಆಯಿತು. ಅವರು ಅಂದುಕೊಂಡ ಕೆಲಸ ಅಲ್ಲ ಅಷ್ಟೆ.

ಮೊದಲ ಹತ್ತು ವರ್ಷ ನಾನು ನಡೆಸಿದ್ದು ಅಂಗಡಿ ಕೋಣೆಗಳ ಬಾಡಿಗೆ ಬಾಕಿ, ಮೀನು ಮಾರ್ಕೆಟ್ ಏಲಂನ ತಕರಾರು, ನೌಕರರ ಬಡ್ತಿ. ನಡುವೆ ಒಂದೆರಡು ಗೂಡಂಗಡಿ ತೆರವು. ಒಂದು ಕೇಸಿಗೆ ಕೊಡುವ ಫೀಸು ಹೈಕೋರ್ಟಿಗೆ ಹೋಗಿ ಬರುವ ಬಸ್ಸಿಗೂ ಸಾಲದ ದಿನಗಳಿದ್ದವು. ಯೋಜನೆ, ಪರಿಸರ ಎನ್ನುವ ಪದಗಳು ಕಡತದಲ್ಲಿ ಬಂದದ್ದು ಆಮೇಲೆ. ಬಂದಾಗಲೂ ಅವು ಯೋಜನೆಯಾಗಿ ಬರಲಿಲ್ಲ, ನೋಟಿಸಾಗಿ ಬಂದವು. ಮಣ್ಣು ಹಾಕಿ ಆದ ಮೇಲೆ, ಬಾವಿ ಹಾಳಾದ ಮೇಲೆ, ಯಾರೋ ಕೋರ್ಟಿಗೆ ಹೋದ ಮೇಲೆ. ಆಗ ಫೋನ್ ಬರುತ್ತಿತ್ತು: "ಸಾರ್, ಒಂದು ಆಕ್ಷೇಪಣೆ ಹಾಕ್ಬೇಕಿತ್ತು, ನಾಡಿದ್ದು ವಾಯಿದೆ."

ನನ್ನ ದೂರು ಇಷ್ಟೇ. ಸಹಿ ಹಾಕುವ ಮೊದಲು ವಕೀಲನನ್ನು ಕೇಳಿ. ಕೇಳಿದ ಮೇಲೆ ಅವನು ಹೇಳಿದ್ದನ್ನು ಓದಿ.

ಒಂದು ಪ್ರಕರಣ ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ನೆಲದ ಬಗ್ಗೆ ಎರಡು ಮಾತು. ನಮ್ಮ ಹಿರಿಯರು ಗದ್ದೆಯನ್ನು ಮೂರು ಮಾಡಿದ್ದರು. ತಗ್ಗಿನದು ಬೈಲು, ನಡುವಿನದು ಮಜಲು, ಎತ್ತರದ್ದು ಬೆಟ್ಟು. ಬೈಲಿನಲ್ಲಿ ಕಾರ್ತಿ, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಮಜಲಿನಲ್ಲಿ ಎರಡು. ಬೆಟ್ಟಿನಲ್ಲಿ ಮಳೆ ನಂಬಿ ಒಂದೇ. ಇದು ಬೇಸಾಯದ ಲೆಕ್ಕ ಮಾತ್ರ ಅಲ್ಲ, ನೀರಿನ ಲೆಕ್ಕವೂ ಹೌದು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರಲ್ಲಿ ನೀರು ಎಲ್ಲಿ ನಿಲ್ಲಬೇಕು, ಎಲ್ಲಿ ಹರಿಯಬೇಕು ಎನ್ನುವುದು ಈ ಮೂರು ಪದಗಳಲ್ಲೇ ಇದೆ. ಬೈಲಿನ ನಡುವೆ ತೋಡು, ಅಂದರೆ ಸಣ್ಣ ಹಳ್ಳ. ತೋಡು ಹೊಳೆಗೆ, ಹೊಳೆ ಕಡಲಿಗೆ. ಮಂಗಳೂರಿನ ಕೊಡಿಯಾಲ್‌ಬೈಲ್ ಎಂಬ ಹೆಸರಿನಲ್ಲಿ ಬೈಲು ಇದೆ. ಉಡುಪಿಯ ಕಲ್ಸಂಕ ಎಂದರೆ ಕಲ್ಲಿನ ಸಂಕ, ಅಂದರೆ ಕಲ್ಲಿನ ಕಿರುಸೇತುವೆ. ಸಂಕ ಇದ್ದಲ್ಲಿ ನೀರು ಹರಿಯಲೇಬೇಕು ಅಲ್ವಾ?

ಸರಕಾರಕ್ಕೂ ಇದು ಗೊತ್ತಿತ್ತು. 1956ರ ತನಕ ನಾವು ಮದರಾಸು ರಾಜ್ಯದಲ್ಲಿದ್ದವರು. ಆ ಕಾಲದ ಸರ್ವೆಯ ಎಫ್‌ಎಂಬಿ (ಫೀಲ್ಡ್ ಮೆಶರ್‌ಮೆಂಟ್ ಬುಕ್, ಜಾಗದ ಅಳತೆ ಪುಸ್ತಕ) ನಕ್ಷೆಗಳು ನಮ್ಮ ಜಿಲ್ಲೆಗಳಲ್ಲಿ ಇವತ್ತಿಗೂ ಆಧಾರ. ಅದರಲ್ಲಿ ತೋಡು ಎರಡು ಗೆರೆಯಾಗಿ ಕಾಣುತ್ತದೆ, ಅಗಲದ ಅಳತೆ ಪಕ್ಕದಲ್ಲೇ ಇರುತ್ತದೆ. ದಾಖಲೆಯಲ್ಲಿ ಅದಕ್ಕೆ ‘ತೋಡು ಪರಂಬೋಕು’ ಅನ್ನುತ್ತಾರೆ. ಅಂದರೆ ಸರಕಾರದ್ದು, ಯಾರಿಗೂ ಮಾರಲು ಬಾರದ್ದು. ಇಷ್ಟು ಕಂಡುಹಿಡಿಯಲು ಕಾನೂನು ಓದಬೇಕಾಗಿಲ್ಲ.

ಇನ್ನು ಪ್ರಕರಣ. ಬೈಲು ಗದ್ದೆಯೊಂದು ಕೃಷಿಯೇತರ ಬಳಕೆಗೆ ಪರಿವರ್ತನೆಯಾಗಿ ಅಲ್ಲಿ ದೊಡ್ಡ ಕಟ್ಟಡಕ್ಕೆ ಅರ್ಜಿ ಬಂತು. ನನ್ನ ಅಭಿಪ್ರಾಯ ಕೇಳಿದರು. ಅಪರೂಪಕ್ಕೆ ಮೊದಲೇ ಕೇಳಿದ್ದರು, ಅದನ್ನು ಒಪ್ಪಲೇಬೇಕು. ನಾನು ಎಫ್‌ಎಂಬಿ ತರಿಸಿ ನೋಡಿ ಎರಡು ಪುಟ ಬರೆದೆ. ಜಾಗದ ನಡುವೆ ತೋಡು ಇದೆ, ಅರ್ಜಿದಾರರ ನಕ್ಷೆಯಲ್ಲಿ ಅದನ್ನು ತೋರಿಸಿಲ್ಲ, ಸರ್ವೆ ಮಾಡಿಸಿ ಗಡಿ ಗುರುತು ಹಾಕದೆ ಪರವಾನಿಗೆ ಕೊಡಬೇಡಿ ಎಂದು.

ಮೂರು ವರ್ಷದ ಮೇಲೆ ಅದೇ ಕಡತ ನನ್ನ ಮೇಜಿಗೆ ಬಂತು. ಈ ಸಲ ಸಂಸ್ಥೆಯನ್ನು ಸಮರ್ಥಿಸಿ ಆಕ್ಷೇಪಣೆ ಬರೆಯಲು. ಮಗುಚಿ ನೋಡಿದರೆ ನನ್ನ ಎರಡು ಪುಟ ಅಲ್ಲೇ ಇದ್ದವು. ಪುಟಸಂಖ್ಯೆ ಕೊಟ್ಟಿದ್ದರು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ‘ನೋಡಲಾಗಿದೆ’ ಎಂದು ಬರೆದು ಸಹಿ. ಮುಂದಿನ ಹಾಳೆಯೇ ಪರವಾನಿಗೆ. ನಡುವೆ ಒಂದು ಸಾಲಿನ ಕಾರಣವೂ ಇಲ್ಲ. ನನ್ನ ಅಭಿಪ್ರಾಯ ತಪ್ಪು ಅಂತ ಬರೆದಿದ್ದರೂ ಬೇಸರ ಇರಲಿಲ್ಲ. ವಕೀಲರು ತಪ್ಪು ಹೇಳುವುದುಂಟು.

ದೂರು ಕೊಟ್ಟವರು ಕೆಳಗಿನ ಮನೆಯ ಒಬ್ಬ ಅಮ್ಮ. ಸಾರ್ವಜನಿಕ ಉಪದ್ರವ ಎಂದು ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 133ನೇ ಕಲಂ ಅಡಿ ಅರ್ಜಿ ಹಾಕಿದ್ದರು. ಈಗ ಅದು ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152ನೇ ಕಲಂ ಆಗಿದೆ. ಸ್ಥಳ ಪರಿಶೀಲನೆಗೆ ದಿನ ಗೊತ್ತಾಯಿತು. ಅಧಿಕಾರಿಗಳು, ಸರ್ವೆಯರ್, ನಾನು, ಎದುರು ಪಕ್ಷದ ವಕೀಲರು, ಎಲ್ಲ ಹೋದೆವು.

ಅಲ್ಲಿ ಕಂಡದ್ದನ್ನು ಮರೆಯಲು ಆಗಿಲ್ಲ. ಎರಡು ಅಡಿಕೆ ಮರದ ಕಾಂಡ ಜೋಡಿಸಿದ ಒಂದು ಹಳೆಯ ಸಂಕ ಹಾಗೇ ಇತ್ತು. ಅದರ ಕೆಳಗೆ ನೀರಿಲ್ಲ. ಕೆಂಪು ಮಣ್ಣು ಸಂಕದ ಹೊಟ್ಟೆ ಮುಟ್ಟುವಷ್ಟು ತುಂಬಿತ್ತು. ಸರ್ವೆಯರ್ ಸರಪಳಿ ಹಿಡಿದು ಅಳೆದರು. ಎಫ್‌ಎಂಬಿ ಪ್ರಕಾರ ತೋಡು ಹನ್ನೆರಡು ಅಡಿ ಅಗಲ. ಅದರ ಬದಲು ಮಣ್ಣಿನಡಿ ಎರಡು ಅಡಿಯ ಒಂದು ಸಿಮೆಂಟ್ ಪೈಪು. ಪೈಪಿನ ಬಾಯಿಗೆ ಒಂದು ಹರಿದ ಚಾಪೆ, ಪ್ಲಾಸ್ಟಿಕ್ ತೊಟ್ಟೆಗಳು ಸಿಕ್ಕಿಹಾಕಿಕೊಂಡಿದ್ದವು. ಮಳೆಗಾಲದಲ್ಲಿ ಮೇಲಿನ ನೀರು ನಿಲ್ಲುತ್ತಿತ್ತು. ಬೇಸಗೆಯಲ್ಲಿ ಮೇಲಿನ ಫ್ಲ್ಯಾಟುಗಳ ಕೊಳಕು ನೀರು ಮಾತ್ರ ಹರಿಯುತ್ತಿತ್ತು. ನಮ್ಮದು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ನೆಲ, ತೂತು ತೂತು. ತೋಡಿಗೆ ಬಿಟ್ಟದ್ದು ಇಂದಲ್ಲ ನಾಳೆ ಬಾವಿಗೆ ಇಳಿಯುತ್ತದೆ.

ಆ ಅಮ್ಮ ನಮ್ಮೆಲ್ಲರನ್ನು ಜಗಲಿಯಲ್ಲಿ ಕೂರಿಸಿದರು. ನಾನು ಅವರ ವಿರುದ್ಧದ ವಕೀಲ ಎಂದು ಗೊತ್ತಿತ್ತು. ಆದರೂ ಪದ್ಧತಿ ಬಿಡಲಿಲ್ಲ. ತಟ್ಟೆಯಲ್ಲಿ ಬೆಲ್ಲದ ತುಂಡು ತಂದರು. ಜೊತೆಗೆ ಸ್ಟೀಲ್ ಲೋಟದಲ್ಲಿ ನೀರು. ಕೊಡುವಾಗ ಸ್ವಲ್ಪ ನಾಚಿಕೆಯಿಂದ, "ವಕೀಲ್ರೇ, ನೀರು ಕುಡೀರಿ, ಹೆದರ್ಬೇಡಿ, ಬಾವಿದಲ್ಲ, ಕ್ಯಾನಿಂದು" ಅಂದರು. ಮನೆ ಅಂಗಳದಲ್ಲೇ ಬಾವಿ. ಅತಿಥಿಗೆ ಅಂಗಡಿಯ ನೀರು. ನಾಚಿಕೆ ಪಡಬೇಕಾದವರು ಅವರಾಗಿರಲಿಲ್ಲ.

ಮತ್ತೆ ಕೊಡಪಾನ ಇಳಿಸಿ ಬಾವಿ ನೀರು ಎಳೆದು ತೋರಿಸಿದರು. ಮೂಗಿನ ಹತ್ತಿರ ತರುವ ಅಗತ್ಯ ಇರಲಿಲ್ಲ.

ಇಷ್ಟಾದರೂ ನಾನು ಆಕ್ಷೇಪಣೆ ಬರೆದೆ. ಏನು ಬರೆದೆ ಗೊತ್ತೇ? ‘ಸದರಿ ಕಾಮಗಾರಿಗೆ ಅನುದಾನ ಲಭ್ಯವಿರುವುದಿಲ್ಲ.’ ಬರೆಯುವಾಗಲೇ ನನಗೆ ರತ್ಲಾಂ ನೆನಪಿತ್ತು. ಮಧ್ಯಪ್ರದೇಶದ ರತ್ಲಾಂ ಊರಿನ ಜನ ಇದೇ 133ನೇ ಕಲಂ ಹಿಡಿದು, ತೆರೆದ ಚರಂಡಿಯ ನಾತ ತಡೆಯಲಾಗುತ್ತಿಲ್ಲ ಎಂದು ಮ್ಯಾಜಿಸ್ಟ್ರೇಟರ ಬಳಿ ಹೋಗಿದ್ದರು. ಅಲ್ಲಿನ ಪುರಸಭೆ ದುಡ್ಡಿಲ್ಲ, ದುಡ್ಡಿಲ್ಲ ಎನ್ನುತ್ತಾ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಆ ಸಬೂಬನ್ನು ಒಪ್ಪಲಿಲ್ಲ. ಕಾನೂನು ಹೊರಿಸಿದ ಕರ್ತವ್ಯಕ್ಕೆ ಹಣದ ಕೊರತೆ ನೆಪವಾಗುವುದಿಲ್ಲ ಎಂದಿತು. ಕಾನೂನು ಕಾಲೇಜಿನಲ್ಲಿ ಪರಿಸರದ ಪಾಠ ಕೇಳಿದ ಯಾರಿಗೂ ಗೊತ್ತಿರುವ ತೀರ್ಪು ಇದು. ಎದುರು ವಕೀಲೆ, ನನ್ನ ಮಗಳ ಪ್ರಾಯದವರು, ಅದನ್ನೇ ಮೇಜಿನ ಮೇಲೆ ಇಟ್ಟರು. ನಾನು ವಾಯಿದೆ ಕೇಳಿದೆ. ಸಿಕ್ಕಿತು. ಮತ್ತೆ ಕೇಳಿದೆ. ಮತ್ತೆ ಸಿಕ್ಕಿತು. ಈ ಪತ್ರ ಬರೆಯಲು ಇದೂ ಒಂದು ಕಾರಣ. ತಪ್ಪು ನಿಮ್ಮದೇ ಅಂತ ಹೇಳಿ ನಾನು ಕೈ ತೊಳೆದುಕೊಳ್ಳಲು ಬರುವುದಿಲ್ಲ.

ತೋಡು ಬಿಡಿಸಬೇಕು ಎಂದು ಆದೇಶ ಬಂತು. ಕಟ್ಟಡದವರು ಮೇಲೆ ಹೋದರು. ತಡೆಯಾಜ್ಞೆ, ರಾಜಿ ಮಾತು, ಇನ್ನೊಂದು ಸರ್ವೆ. ಕೊನೆಗೆ ಎರಡು ಅಡಿಯ ಪೈಪಿನ ಜಾಗಕ್ಕೆ ನಾಲ್ಕು ಅಡಿಯ ಪೈಪು ಬಂತು. ಕಾಗದದಲ್ಲಿ ವಿಷಯ ಮುಕ್ತಾಯ. ಹೋದ ವರ್ಷ ಆ ದಾರಿಯಲ್ಲಿ ಹೋದೆ. ಬಾವಿಯ ರಾಟೆ ತೆಗೆದಿದ್ದಾರೆ. ಬಾಯಿಗೆ ಮೀನಿನ ಬಲೆ ಕಟ್ಟಿದ್ದಾರೆ. ಕಟ್ಟೆಯ ಮೇಲೆ ಕ್ಯಾನುಗಳು ಸಾಲಾಗಿ ನಿಂತಿದ್ದವು.

ನಿಮ್ಮ ಕಷ್ಟವೂ ನನಗೆ ಗೊತ್ತಿಲ್ಲದ್ದಲ್ಲ. ತೋಡು ಯಾರದ್ದು ಎಂದು ಕೇಳಿದರೆ ಯಾರೂ ಕೈ ಎತ್ತುವುದಿಲ್ಲ. ನೆಲ ಕಂದಾಯ ಇಲಾಖೆಯದ್ದು. ಪರಿವರ್ತನೆ ಜಿಲ್ಲಾಡಳಿತದ್ದು. ಲೇಔಟ್ ಮತ್ತು ಮಾಸ್ಟರ್ ಪ್ಲಾನ್ ಪ್ರಾಧಿಕಾರದ್ದು. ಪರವಾನಿಗೆ ನಿಮ್ಮದು. ಕೊಳಕು ನೀರು ನೋಡಲು ಇನ್ನೊಂದು ಮಂಡಳಿ. 12ನೇ ಅನುಸೂಚಿ ಯೋಜನೆಯನ್ನು ನಿಮ್ಮ ಹೆಸರಿಗೆ ಬರೆದಿದೆ ನಿಜ. ಆದರೆ 1987ರ ಕಾಯ್ದೆಯ ನಗರಾಭಿವೃದ್ಧಿ ಪ್ರಾಧಿಕಾರಗಳ ಕೈಯಿಂದ ಅದು ಪೂರ್ತಿಯಾಗಿ ನಿಮ್ಮ ಕೈಗೆ ಬರಲೇ ಇಲ್ಲ. ಹಾಗಂತ ಬೈಗುಳ ತಿನ್ನುವವರು ನೀವೇ. 2018ರ ಮೇ 29ರಂದು ಮಂಗಳೂರು ಮುಳುಗಿದಾಗ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಕಲ್ಸಂಕದ ಸುತ್ತ ದೋಣಿ ಬಿಡುವಂತಾದಾಗ, ಜನ ಫೋನ್ ಮಾಡಿದ್ದು ವಾರ್ಡಿನ ಸದಸ್ಯರಿಗೆ. ಪ್ರಾಧಿಕಾರದ ನಂಬರ್ ಯಾರ ಮೊಬೈಲಿನಲ್ಲೂ ಇಲ್ಲ.

2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜರಿದು ಮಂದಾರದ ಅಡಿಕೆ ತೋಟ, ಮನೆಗಳ ಮೇಲೆ ಬಂದದ್ದು ನೆನಪಿದೆ ತಾನೇ? ಕಸ ಅಲ್ಲಿಗೆ ಒಂದೇ ದಿನ ಬಂದದ್ದಲ್ಲ. ಎಷ್ಟೋ ವರ್ಷ ದಿನಾ ಲಾರಿಯಲ್ಲಿ ಹೋದದ್ದು.

ಜನರೂ ಸಾಚಾ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಐದು ಸೆಂಟ್ಸ್ ಜಾಗ ಇದ್ದವನಿಗೆ ತೋಡಿನ ಕಡೆಯ ಅರ್ಧ ಸೆಂಟ್ಸ್ ಮೇಲೆ ಕಣ್ಣು. ಪ್ರತಿ ಮಳೆಗಾಲ ಮುಗಿದಾಗ ಕಲ್ಲು ಕಟ್ಟುವ ನೆಪದಲ್ಲಿ ಒಂದಡಿ ಮುಂದೆ ಬರುತ್ತಾನೆ. ಆಚೆ ಬದಿಯವನೂ ಸುಮ್ನೆ ಕೂರುವುದಿಲ್ಲ. ಇಬ್ಬರೂ ಸೇರಿ ತೋಡನ್ನು ಚರಂಡಿ ಮಾಡುತ್ತಾರೆ. ನೋಟಿಸ್ ಕೊಟ್ಟರೆ ಇಬ್ಬರೂ ನಿಮ್ಮ ಮನೆಗೆ ಬರುತ್ತಾರೆ. ವೋಟಿನ ವಿಷಯ ಬೇರೆ. ಆದರೂ ಅರ್ಧ ಸೆಂಟ್ಸ್ ಕದ್ದವನನ್ನೂ ಇಡೀ ಬೈಲು ತುಂಬಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಮೊದಲನೆಯವನ ಮನೆಗೆ ಜೆಸಿಬಿ ಬೇಗ ಹೋಗುತ್ತದೆ. ಅದನ್ನು ಕಣ್ಣಾರೆ ಕಂಡಿದ್ದೇನೆ.

ಈಗ ನನ್ನ ಕೋರಿಕೆಗಳಿಗೆ ಬರುತ್ತೇನೆ. ಯಾವುದಕ್ಕೂ ಹೊಸ ಕಾನೂನು ಬೇಡ, ದೊಡ್ಡ ದುಡ್ಡೂ ಬೇಡ.

ಬೈಲಿನಲ್ಲೋ ಹೊಳೆ ಬದಿಯಲ್ಲೋ ಬರುವ ಪ್ರತಿ ಅರ್ಜಿಯ ಕಡತದಲ್ಲಿ ಎಫ್‌ಎಂಬಿ ಪ್ರತಿ ಇರಲಿ, ಅದರ ಪಕ್ಕ ಅರ್ಜಿದಾರರ ನಕ್ಷೆ ಇರಲಿ. ಎರಡನ್ನೂ ಒಟ್ಟಿಗೆ ನೋಡಿ. ಈಗಂತೂ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆ್ಯಪ್ ನೋಡಿ ತೀರ್ಮಾನ ಮಾಡಬೇಡಿ, ಅನುಮಾನ ಹುಟ್ಟಿಸಿಕೊಳ್ಳಲು ಅದು ಸಾಕು. ಆಮೇಲೆ ಸರ್ವೆಯರ್ ಕರೆಸಿ ಕಲ್ಲು ಹಾಕಿಸಿ.

ವಕೀಲರ ಅಭಿಪ್ರಾಯ ಬಂದರೆ ‘ನೋಡಲಾಗಿದೆ’ ಎಂದು ಬರೆಯುವುದನ್ನು ನಿಲ್ಲಿಸಿ. ಒಪ್ಪಿದೆ ಅಥವಾ ಒಪ್ಪಿಲ್ಲ ಎಂದು ಬರೆಯಿರಿ. ಒಪ್ಪದಿದ್ದರೆ ಯಾಕೆ ಎಂದು ನಾಲ್ಕು ಸಾಲು. ಅಂಥ ಪ್ರಕರಣಗಳ ಪಟ್ಟಿ ತಿಂಗಳಿಗೊಮ್ಮೆ ಸಾಮಾನ್ಯ ಸಭೆಯ ಮುಂದೆ ಬರಲಿ. ಸದಸ್ಯರೇ, ಇದನ್ನು ನೀವು ಕೇಳಿ ಪಡೆಯಬೇಕು. ಕೇಳದಿದ್ದರೆ ಯಾರೂ ತಂದುಕೊಡುವುದಿಲ್ಲ. ನನ್ನ ಅನುಭವದಲ್ಲಿ ಈ ಒಂದು ಬದಲಾವಣೆ ಆದರೆ ಅರ್ಧದಷ್ಟು ಕೇಸುಗಳು ಹುಟ್ಟುವುದೇ ಇಲ್ಲ. ಕಾರಣ ಬರೆಯಬೇಕು ಅಂದ ಕೂಡಲೇ ಪೆನ್ನು ನಿಧಾನ ಆಗುತ್ತದೆ.

ಮಾಸ್ಟರ್ ಪ್ಲಾನ್ ಕರಡು ಬಂದಾಗ ನಿಮ್ಮ ವಾರ್ಡಿನ ಭಾಗವನ್ನು ದೊಡ್ಡದಾಗಿ ಮುದ್ರಿಸಿ ಜನ ಸೇರುವ ಕಡೆ ಹಚ್ಚಿ. ಕನ್ನಡದಲ್ಲಿ. ಹಾಲಿನ ಡೈರಿ ಗೋಡೆಯಾದರೂ ಆದೀತು. ಆಕ್ಷೇಪಣೆಗೆ ಕಾನೂನು ಅವಕಾಶ ಕೊಟ್ಟಿದೆ. ಹಳದಿ ಬಣ್ಣ ಎಂದರೆ ವಸತಿ ಎಂದು ತಿಳಿಯದವರು ಏನಂತ ಆಕ್ಷೇಪಿಸುತ್ತಾರೆ? ನಮ್ಮ ಗದ್ದೆ ಯಾವಾಗ ಹಳದಿ ಆಯಿತು ಸಾರ್ ಎಂದು ಕೇಳಿಕೊಂಡು ನನ್ನ ಆಫೀಸಿಗೆ ಬಂದವರಿಗೆ ಲೆಕ್ಕ ಇಲ್ಲ. ಬರುವಾಗ ಸಮಯ ಮೀರಿರುತ್ತದೆ.

ಸಮಯದ ಮಾತು ಬಂತು, ಹೇಳಿಬಿಡುತ್ತೇನೆ. ಹಸಿರು ನ್ಯಾಯಮಂಡಳಿಗೆ ದೂರು ಒಯ್ಯಲು ಆರು ತಿಂಗಳ ಗಡುವು. ಸಾಕಷ್ಟು ಕಾರಣ ಇದ್ದರೆ ಇನ್ನೂ 60 ದಿನ ಸಿಕ್ಕೀತು. ನಮಗೆ ಪೀಠ ಇರುವುದು ಚೆನ್ನೈಯಲ್ಲಿ, ಹೈಕೋರ್ಟ್ ಬೆಂಗಳೂರಿನಲ್ಲಿ. ಬಾವಿ ಹಾಳಾದ ಬಡವನಿಗೆ ಎರಡೂ ದೂರ. ಅವನಿಗೆ ಹತ್ತಿರ ಇರುವ ನ್ಯಾಯ ಎಂದರೆ ನಿಮ್ಮ ಕಚೇರಿಯ ಕೌಂಟರ್ ಮಾತ್ರ.

ಹೊಳೆ ಬದಿಯ ಪಂಚಾಯತಿನವರಿಗೆ ಒಂದು ಮಾತು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಎಂದರೆ ಕಡಲ ದಂಡೆ ಮಾತ್ರ ಎಂದು ಇನ್ನೂ ಹಲವರು ನಂಬಿದ್ದಾರೆ. ಉಬ್ಬರದ ನೀರು ಹತ್ತುವಷ್ಟು ದೂರ ಹೊಳೆಗೂ ಅದು ಅನ್ವಯಿಸುತ್ತದೆ. ಎಲ್ಲಿಯವರೆಗೆ ಎಂದು ನೋಡಲು ವರ್ಷದ ಅತಿ ಒಣ ದಿನಗಳಲ್ಲಿ ಉಪ್ಪು ಅಳೆಯುತ್ತಾರೆ. ಲೀಟರಿಗೆ ಸುಮಾರು 5 ಗ್ರಾಂ ಉಪ್ಪು ಸಿಗುವ ತನಕ. 2011ರಲ್ಲಿ ಹೊಳೆ ಬದಿ 100 ಮೀಟರ್ ಇದ್ದದ್ದು 2019ರ ಅಧಿಸೂಚನೆಯಲ್ಲಿ 50ಕ್ಕೆ ಇಳಿಯಿತು. ಹೊಳೆ ಅದಕ್ಕಿಂತ ಕಿರಿದಾಗಿದ್ದರೆ ಹೊಳೆಯ ಅಗಲದಷ್ಟೇ. ಉಳಿದದ್ದನ್ನಾದರೂ ಕಾಯಿರಿ. ಕಾಂಡ್ಲ (ಮ್ಯಾಂಗ್ರೋವ್) ಗಿಡ ಕಡಿದು ಮಣ್ಣು ಹಾಕಿದ ಮೇಲೆ, ಅಲ್ಲಿ ಕಾಂಡ್ಲ ಇರಲೇ ಇಲ್ಲ ಎಂದು ಪ್ರಮಾಣ ಮಾಡಲು ನಿಮ್ಮ ವಕೀಲನನ್ನು ಕಳಿಸಬೇಡಿ.

ಕೊನೆಯದಾಗಿ, ಹೊಸ ಹುಡುಗ ಹುಡುಗಿಯರ ಬಗ್ಗೆ. ಈ ಕೆಲಸಕ್ಕೆ ಯಾರೂ ಬರುತ್ತಿಲ್ಲ. ಬ್ಯಾಂಕ್ ಪ್ಯಾನೆಲ್‌ನಲ್ಲಿ ದುಡ್ಡಿದೆ, ಕ್ರಿಮಿನಲ್‌ನಲ್ಲಿ ಹೆಸರಿದೆ. ಇಲ್ಲಿ ಎರಡೂ ಇಲ್ಲ. ಆದರೆ ನನ್ನ ವಿರುದ್ಧ ರತ್ಲಾಂ ತೀರ್ಪು ಇಟ್ಟ ಆ ವಕೀಲೆಯಂಥವರು ನಮ್ಮ ಎರಡೂ ಜಿಲ್ಲೆಗಳಲ್ಲಿ ಇದ್ದಾರೆ. ಅವರನ್ನು ಎದುರಿನ ಕುರ್ಚಿಯಲ್ಲಿ ನೋಡುವ ಬದಲು ನಿಮ್ಮ ಕಡೆ ಕೂರಿಸಿಕೊಳ್ಳಿ. ಕೇಸಿಗಿಷ್ಟು ಎಂದು ಕೊಡುವ ಬದಲು ತಿಂಗಳಿಗಿಷ್ಟು ಎಂದು ಕೊಡಿ. ಕೇಸಿಗಿಷ್ಟು ಎಂದರೆ ಕೇಸು ಹುಟ್ಟಿದರೆ ಮಾತ್ರ ವಕೀಲನಿಗೆ ಊಟ. ತಿಂಗಳಿಗೆ ಎರಡು ದಿನ ಅವರು ಕಡತ ನೋಡಲಿ, ಒಂದು ದಿನ ಜಾಗ ನೋಡಲಿ. ನನ್ನನ್ನು ಈ ಮೂವತ್ತು ಚಿಲ್ಲರೆ ವರ್ಷದಲ್ಲಿ ಪರವಾನಿಗೆಗೆ ಮೊದಲು ಜಾಗ ನೋಡಲು ಕರೆದುಕೊಂಡು ಹೋದವರು ಇಬ್ಬರೇ ಅಧಿಕಾರಿಗಳು. ಇಬ್ಬರಿಗೂ ಬೇಗ ವರ್ಗ ಆಯಿತು. ಕಾರಣ ನನಗೆ ಕೇಳಬೇಡಿ.

ನಾನು ಇನ್ನೂ ಊರಲ್ಲೇ ಇದ್ದೇನೆ, ಕಾಲು ಗಟ್ಟಿ ಇದೆ. ಪತ್ತನಾಜೆಯ ಒಳಗೆ, ಅಂದರೆ ಮಳೆ ಹಿಡಿಯುವ ಮೊದಲು, ಯಾವ ವಾರ್ಡಿನ ಸದಸ್ಯರು ಕರೆದರೂ ಶನಿವಾರ ಬರುತ್ತೇನೆ. ಫೀಸು ಬೇಡ. ನಿಮ್ಮ ವಾರ್ಡಿನ ತೋಡು ಹುಟ್ಟುವ ಕಡೆಯಿಂದ ಹೊಳೆ ಸೇರುವ ತನಕ ಒಟ್ಟಿಗೆ ನಡೆಯೋಣ. ಎಫ್‌ಎಂಬಿ ಪ್ರತಿ ತರಿಸಿ ಇಡಿ, ಉದ್ದದ ಟೇಪು ನಾನು ತರುತ್ತೇನೆ. ಬೆಳಿಗ್ಗೆ ಏಳಕ್ಕೇ ಹೊರಡಬೇಕು, ಆಮೇಲೆ ಬಿಸಿಲು ಜಾಸ್ತಿ. ಒಳ್ಳೆಯ ಚಪ್ಪಲಿ ಹಾಕಿಕೊಂಡು ಬರಬೇಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಕೀಲ
ಉಡುಪಿ